ಪಿಯಾನೋಗೆ ನೀರು ಹಾಕುತ್ತಿದ್ದ ಕಾಲ

ಬೆಳಿಗ್ಗೆ ಕುಚ್ಚಲಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಬಿಳಿ ಬಟ್ಟೆಗಳನ್ನು ಮೆಷಿನ್‌ಗೆ ಹಾಕಿದೆ, ಬಣ್ಣದ್ದನ್ನು ನಾಳೆಗೆ ಉಳಿಸಿದೆ. ಗಂಡನ ಅಂಗಿಯ ಕಾಲರಿನ ಗುಂಡಿ ಹೊಲಿದೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ವಾಚ್‌ಮನ್‌ಗೆ ಮೂರನೇ ಸಲ ಹೇಳಿದೆ. ಅವನು ಮೂರನೇ ಸಲ ‘ಇನ್ಶಾ ಅಲ್ಲಾ’ ಎಂದ. ಫ್ರಿಜ್ಜಿನ ಕೆಳಗಿನ ಧೂಳು ತೆಗೆದೆ, ಅಲ್ಲಿ ಎರಡು ಬೆಳ್ಳುಳ್ಳಿ ಎಸಳು ಮತ್ತು ಮಗಳ ಒಂದು ಹೇರ್‌ಪಿನ್ ಸಿಕ್ಕಿತು. ಕೊನೆಗೆ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ನೀರು ಹಾಕಿದೆ.

ನೀರು ಹಾಕುವ ಕ್ಯಾನಿನ ವಿಷಯ ಹೇಳಬೇಕು. ಅದರ ಮೂತಿ ಮೊಳದುದ್ದ ಇದೆ. ದುಬೈಯ ಅಲ್ ಮುರಕ್ಕಬಾತಿನ ಮೂರನೇ ಮಹಡಿಯಲ್ಲಿ, ನಾಲ್ಕು ಹೆಜ್ಜೆಯ ಬಾಲ್ಕನಿಯಲ್ಲಿ, ಒಂದೇ ಒಂದು ಗಿಡ ಇರುವವಳಿಗೆ ಅಷ್ಟುದ್ದದ ಮೂತಿ ಯಾಕೆ ಎಂದು ಎದುರು ಕಟ್ಟಡದ ಹೆಂಗಸು ನೋಡುತ್ತಾಳೆ. ನೋಡಲಿ. ಈ ಕ್ಯಾನಿನಲ್ಲಿ ನಾನು ನಾಲ್ಕು ವರ್ಷ ಪಿಯಾನೋಗೆ ನೀರು ಹಾಕಿದ್ದೇನೆ ಎಂದರೆ ಅವಳು ನಂಬಲಿಕ್ಕಿಲ್ಲ. ನೀವೂ ನಂಬಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದುಬೈಗೆ ಬರುವ ಮೊದಲು ನಾವು ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದೆವು. ಒಂದು ದೊಡ್ಡ ವಿಲ್ಲಾ. ಅದನ್ನು ಮಾಲಕರು ಹಲಸಿನಹಣ್ಣು ಬಿಡಿಸಿದ ಹಾಗೆ ಐದು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂದಿನ ಪಾಲಿನಲ್ಲಿ ನಾನು, ನನ್ನ ಗಂಡ ವಲೇರಿಯನ್, ಮಗಳು ಶೆರಿಲ್. ಮುಂದಿನ ಪಾಲಿನಲ್ಲಿ, ಉದ್ದದ ಹಾಲ್ ಇದ್ದದ್ದರಲ್ಲಿ, ರೂತ್ ಮ್ಯಾಡಂ ಒಬ್ಬರೇ. ಅಮೇರಿಕದವರು. ಹತ್ತಿರದ ಒಂದು ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದರು. ಅವರ ಸಾಮಾನು ಬಂದ ದಿನ ಎಂಟು ಜನ ಪಠಾಣರು ಕಪ್ಪು ಕಂಬಳಿ ಸುತ್ತಿದ ಒಂದು ವಸ್ತುವನ್ನು ಗೇಟಿನಿಂದ ಒಳಗೆ ತಂದರು. ನಾನು ಕಿಟಕಿಯಲ್ಲಿ ನಿಂತು ಶಿಲುಬೆ ಗುರುತು ಹಾಕಿದೆ. ಯಾರೋ ಸತ್ತಿದ್ದಾರೆ ಎಂದುಕೊಂಡಿದ್ದೆ.

ಮರುವಾರ ಅವರೇ ಬಾಗಿಲು ತಟ್ಟಿದರು. ಬೇಸಿಗೆಯಲ್ಲಿ ಊರಿಗೆ ಹೋಗುವವರಿದ್ದರು. ಇಲ್ಲಿನ ಎಸಿ ಗಾಳಿ ಮರವನ್ನು ಒಣಗಿಸುತ್ತದಂತೆ. ಪಿಯಾನೋದ ಹೊಟ್ಟೆಯ ಕೆಳಗೆ ಒಂದು ಚಿಕ್ಕ ನೀರಿನ ತೊಟ್ಟಿ ಕಟ್ಟಿದ್ದಾರೆ, ಅದು ಮೆಲ್ಲಗೆ ತೇವ ಬಿಡುತ್ತದೆ. ನೀರು ಕಡಿಮೆಯಾದರೆ ಹಳದಿ ದೀಪ ಮಿನುಗುತ್ತದೆ. ಆಗ ಒಂದು ನಳಿಗೆಯ ಬಾಯಿಗೆ ನೀರು ಹೊಯ್ಯಬೇಕು. ಅಷ್ಟೇ ಕೆಲಸ.

“ಬಾಣಂತಿಗೆ ಮಾಡುವಷ್ಟು ಆರೈಕೆ,” ಎಂದರು ವಲೇರಿಯನ್. “ಇನ್ನು ಎಣ್ಣೆ ತಿಕ್ಕಲಿಕ್ಕೆ ಉಂಟಾ ಕೇಳು.”

ನಾನು ಆಗ ಮಧ್ಯಾಹ್ನದವರೆಗೆ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಮನೆಗೆ ಬಂದು, ಊಟ ಮಾಡಿ, ಅವರ ಕ್ಯಾನು ಹಿಡಿದು ಹೋಗುತ್ತಿದ್ದೆ. ಹಳದಿ ದೀಪ ನೋಡಿದ ದಿನ, ನೀರು ಹೊಯ್ದ ಲೋಟದ ಲೆಕ್ಕ, ಹೊರಗಿನ ಸೆಕೆ, ಎಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಮ್ಯಾಡಂ ಸೆಪ್ಟೆಂಬರಿನಲ್ಲಿ ವಾಪಸಾಗಿ ಅದನ್ನು ಓದಿ, “ಹಿಲ್ಡಾ, ನನ್ನ ಡಾಕ್ಟರ್ ಕೂಡ ನನ್ನ ಬಗ್ಗೆ ಇಷ್ಟು ಬರೆದಿಲ್ಲ,” ಎಂದರು. ಅಲ್ಲಿಂದ ನಮ್ಮ ಸ್ನೇಹ. ಅವರು ಇಲ್ಲೇ ಇದ್ದಾಗಲೂ ನೀರು ಹಾಕುವ ಕೆಲಸ ನನ್ನ ಕೈಯಲ್ಲೇ ಉಳಿಯಿತು.

ಸಂಜೆ ಅವರು ನಮ್ಮ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ನೆಲದ ಮೇಲೆ ಮೆಟ್ಟುಕತ್ತಿಯಲ್ಲಿ, ಅಂದರೆ ಮಣೆಗೆ ನೆಟ್ಟ ಆ ಬಾಗಿದ ಕತ್ತಿಯಲ್ಲಿ, ಮೀನು ಹೆಚ್ಚುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರು ನಲವತ್ತು ವರ್ಷ ಚೂರಿ ಮುಟ್ಟಿರಲಿಲ್ಲ. ಬೆರಳಿಗೆ ಏನಾದರೂ ಆದೀತೆಂದು. ಈರುಳ್ಳಿಯನ್ನೂ ಹೆಚ್ಚಿದ್ದನ್ನೇ ಸೂಪರ್‌ಮಾರ್ಕೆಟಿನಿಂದ ತರುವುದು.

“ಮತ್ತೆ ಮಾವಿನಹಣ್ಣು?” ಎಂದು ಕೇಳಿದೆ.

“ತಿನ್ನುವುದಿಲ್ಲ.”

ಅದು ನನಗೆ ಎಷ್ಟು ಬೇಜಾರಾಯಿತೆಂದರೆ, ಆಮೇಲೆ ಪ್ರತಿ ಮೇ ತಿಂಗಳಲ್ಲಿ, ಅವರು ಹೊರಡುವ ಮೊದಲು, ಎರಡು ಹಣ್ಣು ಹೆಚ್ಚಿ ಡಬ್ಬಿಯಲ್ಲಿ ಕೊಟ್ಟು ಬರುತ್ತಿದ್ದೆ.

ಅವರ ಬದುಕು ನನಗೆ ಹೀಗೆ ತುಂಡುತುಂಡಾಗಿ, ಮೀನಿನ ಹಾಗೆಯೇ, ಸಿಕ್ಕಿತು. ಗೋಧಿ ಬೆಳೆಯುವ ಸೀಮೆಯ ಒಂದು ಸಣ್ಣ ಪೇಟೆ. ಅಪ್ಪನದು ಕ್ಷೌರದಂಗಡಿ. ಯಾರೋ ಬಿಟ್ಟುಹೋದ ಹಳೆ ಪಿಯಾನೋ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಸರದಿ ಕಾಯುವ ಗಿರಾಕಿಗಳಿಗೆ ಬೇಸರವಾಗದಿರಲಿ ಎಂದು ಅಪ್ಪ ಹುಡುಗಿಯನ್ನು ಅದರ ಮುಂದೆ ಕೂರಿಸಿದರು. ಕತ್ತರಿಯ ಸದ್ದು, ಗೋಧಿಯ ಮಾತು, ನಡುವೆ ಪಾಠ. ಮೊದಲ ಚಪ್ಪಾಳೆ ತಟ್ಟಿದವರ ಮುಖದ ತುಂಬ ಸೋಪಿನ ನೊರೆ ಇತ್ತಂತೆ. ಆ ಮೇಲೆ ನ್ಯೂಯಾರ್ಕಿನಲ್ಲಿ ಕಲಿತದ್ದು, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಯುರೋಪಿನ ಒಂದು ದೊಡ್ಡ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದದ್ದು.

“ಮೊದಲನೆಯವರ ಹೆಸರು ಪೋಸ್ಟರಿನಲ್ಲಿ ಬರುತ್ತದೆ,” ಎಂದರು ಅವರು. “ಮೊದಲನೆಯವರಿಗೆ ಜ್ವರ ಬಂದ ದಿನ ಎರಡನೆಯವರಿಗೆ ಫೋನ್ ಬರುತ್ತದೆ.”

ತಮಾಷೆಗೆ ಹೇಳಿದ್ದೆಂದು ನಾನು ನಕ್ಕೆ. ಆದರೆ ಅದು ನಿಜ. ಮೂವತ್ತು ವರ್ಷ ಅವರು ಹೆಚ್ಚಾಗಿ ನುಡಿಸಿದ್ದು ಬೇರೆಯವರ ಬದಲಿಗೆ. ಯಾರದೋ ಕೈ ಉಳುಕಿತು, ಯಾರದೋ ವಿಮಾನ ತಪ್ಪಿತು, ಇವರಿಗೆ ಮಧ್ಯಾಹ್ನ ಫೋನ್, ಸಂಜೆ ಕಛೇರಿ. ಸ್ವರ ಬರೆದ ಪುಸ್ತಕ ತೆರೆಯಲು ಹೊತ್ತಿರುತ್ತಿರಲಿಲ್ಲ. ಎಲ್ಲವೂ ತಲೆಯಲ್ಲೇ ಇರಬೇಕಿತ್ತು. ಇತ್ತು ಕೂಡ. ಒಂದೇ ಕಪ್ಪು ಗೌನು, ರಾತ್ರಿ ಹೋಟೆಲಿನ ಬಾತ್‌ಟಬ್ಬಿನಲ್ಲಿ ಒಗೆದು, ಬೆಳಿಗ್ಗೆ ತಾವೇ ಒಯ್ದ ಇಸ್ತ್ರಿಪೆಟ್ಟಿಗೆಯಿಂದ ಒಣಗಿಸುವುದು. ಅಷ್ಟು ದೇಶ ತಿರುಗಿದವರಲ್ಲವೇ ಎಂದು ಶೆರಿಲ್‌ಗೂ ಕುತೂಹಲ. “ಆಂಟಿ, ಹೌ ಈಸ್ ಪ್ಯಾರಿಸ್?” ಎಂದು ಕೇಳಿದಳು.

ಮ್ಯಾಡಂ ಸ್ವಲ್ಪ ಯೋಚಿಸಿ, “ಪಿಯಾನೋದ ಎಡಗಡೆಯ ಪೆಡಲ್ ಕಿರುಗುಟ್ಟುತ್ತಿತ್ತು,” ಎಂದರು.

ನಾನು ಕೂಡ ಈ ದೇಶದಲ್ಲಿ ಹದಿನೇಳು ವರ್ಷ ಇದ್ದೇನೆ. ಯಾರಾದರೂ ಅಬುಧಾಬಿ ಹೇಗಿದೆ ಎಂದು ಕೇಳಿದರೆ ನನಗೂ ನೆನಪಾಗುವುದು ಕ್ಲಿನಿಕ್ಕಿನ ಬಾಗಿಲು, ತಳ್ಳಿದರೆ ತೆರೆಯದ್ದು, ಎಳೆಯಬೇಕಾದ್ದು. ಆ ದಿನ ಅವರ ಮೇಲೆ ನನಗೆ ತುಂಬ ಪ್ರೀತಿ ಬಂತು.

ಅವರು ಬಂದ ಮೂರನೇ ಚಳಿಗಾಲ. ನಗರದ ಒಂದು ಸಂಗೀತ ಕೂಟದವರು ಸಣ್ಣ ಸಭಾಂಗಣದಲ್ಲಿ ನುಡಿಸಲು ಕೇಳಿದರು. ಇನ್ನೂರು ಕುರ್ಚಿ. ಶುಕ್ರವಾರ ಸಂಜೆ ಐದಕ್ಕೆ. ಒಂದು ವಾರ ಮ್ಯಾಡಂ ಉತ್ತರ ಕೊಡಲಿಲ್ಲ. ಪಿಯಾನೋ ಸದ್ದೂ ಇಲ್ಲ. ನೀರು ಹಾಕಲು ಹೋದಾಗ ಮುಚ್ಚಿದ ಪಿಯಾನೋದ ಮುಂದೆ ಕೂತಿದ್ದರು. ಆವಾಗ ಹೇಳಿದರು.

ಇಲ್ಲಿಗೆ ಬರುವ ಹಿಂದಿನ ವರ್ಷ, ಯುರೋಪಿನ ಒಂದು ಚಿಕ್ಕ ಊರಿನಲ್ಲಿ ಅವರು ನುಡಿಸುವಾಗ ದಾರಿ ತಪ್ಪಿದ್ದರು. ಆ ಕೃತಿಯಲ್ಲಿ ಒಂದು ರಾಗಭಾಗ ಎರಡು ಸಲ ಬರುತ್ತದೆ. ಮೊದಲ ಸಲ ಅದು ಒಂದು ಕಡೆ ತಿರುಗಿ ನಡುವಿನ ಭಾಗಕ್ಕೆ ಹೋಗುತ್ತದೆ, ಎರಡನೇ ಸಲ ಇನ್ನೊಂದು ಕಡೆ ತಿರುಗಿ ಕೊನೆಗೆ ಹೋಗುತ್ತದೆ.

“ನಿನ್ನ ಗಂಡ ಹೈವೇಯಲ್ಲಿ ಎಕ್ಸಿಟ್ ತಪ್ಪಿಸುತ್ತಾನಲ್ಲ, ಹಾಗೆ,” ಎಂದರು. ಎರಡನೇ ಸಲವೂ ಮೊದಲ ತಿರುವಿನಲ್ಲೇ ತಿರುಗಿಬಿಟ್ಟರು. ಸುತ್ತಿ ಬಂದರು, ಮತ್ತೆ ತಪ್ಪಿದರು. ಮೂರನೇ ಸುತ್ತು ಮುಗಿದಾಗಲೂ ಹೊರಗೆ ಹೋಗುವ ದಾರಿ ನೆನಪಾಗಲಿಲ್ಲ. ಕೈ ಎತ್ತಿ, ಎದ್ದು, ತಲೆಬಾಗಿ, ಒಳಗೆ ಹೋದರು. ಮತ್ತೆ ಜನರೆದುರು ನುಡಿಸಲಿಲ್ಲ.

“ನನಗೆ ಅರವತ್ತಮೂರು. ನಿಲ್ಲಿಸಲು ಬೇಸರವಿಲ್ಲ, ಹಿಲ್ಡಾ. ಆದರೆ ಅರ್ಧದಲ್ಲಿ ಎದ್ದು ಹೋದವಳಾಗಿ ನಿಲ್ಲಿಸಲಾರೆ. ಅದೇ ಕೃತಿಯನ್ನು ಒಂದು ಸಲ, ಜನರೆದುರು, ಕೊನೆಯ ಸ್ವರದವರೆಗೆ ನುಡಿಸಬೇಕು.”

“ಪುಸ್ತಕ ಇಟ್ಟುಕೊಂಡು ನುಡಿಸಿ ಮ್ಯಾಡಂ,” ಎಂದೆ. ನನಗೆ ಅದು ತೀರ ಸುಲಭವಾಗಿ ಕಂಡಿತು.

ಅವರ ಮುಖ ನೋಡಿ ತಪ್ಪು ಮಾತಾಡಿದೆನೆಂದು ಗೊತ್ತಾಯಿತು. ಅವರ ಕಸುಬಿನಲ್ಲಿ ಒಬ್ಬರೇ ನುಡಿಸುವಾಗ ಪುಸ್ತಕ ಇಡುವ ಕ್ರಮವಿಲ್ಲ. ಇಟ್ಟರೆ ಇವಳಿಗೆ ಮುಗಿಯಿತು ಎಂದು ಜನ ತಿಳಿಯುತ್ತಾರೆ.

ಮನೆಗೆ ಬಂದು ಇವರಿಗೆ ಹೇಳಿದೆ. ವಲೇರಿಯನ್ ಬಂಗುಡೆಯ ಮುಳ್ಳು ಬಿಡಿಸುತ್ತಾ, “ಎಂತ ಮಾರಾಯ್ತಿ ಅದರಲ್ಲಿ ನಾಚಿಕೆ? ನಮ್ಮ ಫಾದರ್ ಮೂವತ್ತು ವರ್ಷದಿಂದ ದಿನಾ ಪೂಜೆ ಮಾಡ್ತಾರೆ. ಅದೇ ಮಾತು, ಅದೇ ಪ್ರಾರ್ಥನೆ. ಆದ್ರೂ ಪುಸ್ತಕ ತೆರೆದೇ ಹೇಳುದು. ಬಾಯಿಪಾಠ ಇಲ್ಲ ಅಂತಲಾ?” ಎಂದರು.

ಮರುದಿನ ಇದನ್ನು ಹಾಗೆಯೇ ಮ್ಯಾಡಂಗೆ ದಾಟಿಸಿದೆ. ಅವರು, “ಆ ಫಾದರ್‌ಗೆ ಪುಟ ಯಾರು ತಿರುಗಿಸುತ್ತಾರೆ?” ಎಂದು ಕೇಳಿದರು.

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನಾನು ಊರಿನಲ್ಲಿ ಮದುವೆಗೆ ಮೊದಲು ಇಗರ್ಜಿಯ, ಅಂದರೆ ಚರ್ಚಿನ, ಗಾಯನ ಮಂಡಳಿಯಲ್ಲಿದ್ದವಳು. ಆರ್ಗನ್ ಮಾಸ್ಟರರ ಪಕ್ಕ ನಿಂತು ಆರು ವರ್ಷ ಪುಟ ತಿರುಗಿಸಿದವಳು. ಅದನ್ನು ಹೇಳಿಬಿಟ್ಟೆ. ಸ್ವಲ್ಪ ಜಂಬದಿಂದಲೇ ಹೇಳಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಮ್ಯಾಡಂ ಆ ದಿನವೇ ಕೂಟದವರಿಗೆ ಆಗಲಿ ಎಂದು ಬರೆದರು.

ಜಂಬ ಮೊದಲ ಅಭ್ಯಾಸದಲ್ಲೇ ಇಳಿಯಿತು. ನಮ್ಮ ಮಾಸ್ಟರರು ತಲೆ ಅಲ್ಲಾಡಿಸಿದರೆ ಪುಟ ತಿರುಗಿಸಬೇಕು, ಅಷ್ಟೇ. ನಾನು ಸ್ವರ ಓದಿ ತಿರುಗಿಸಿದ್ದೇ ಇಲ್ಲ. ರೂತ್ ಮ್ಯಾಡಂ ನುಡಿಸಲು ಕೂತರೆ ಎರಡು ಕ್ಷಣಕ್ಕೊಮ್ಮೆ ತಲೆ ಅಲ್ಲಾಡಿಸುತ್ತಾರೆ, ಸಂಗೀತಕ್ಕೆ. ಅವರು ಅಲ್ಲಾಡಿಸಿದಾಗೆಲ್ಲ ನಾನು ತಿರುಗಿಸಿದೆ. ಅವರು ಎರಡನೇ ಪುಟದಲ್ಲಿದ್ದಾಗ ನಾನು ಪುಸ್ತಕ ಮುಗಿಸಿ ಹಿಂದಿನ ರಟ್ಟಿಗೆ ತಲುಪಿದ್ದೆ.

ಮ್ಯಾಡಂ ಕೈ ನಿಲ್ಲಿಸಿ, “ನಿನಗೆ ಮನೆಯಲ್ಲಿ ಒಲೆಯ ಮೇಲೆ ಏನಾದರೂ ಇದೆಯಾ?” ಎಂದರು.

ಆಮೇಲೆ ಆರು ವಾರ ನಾನು ಕಲಿತೆ. ಕ್ಲಿನಿಕ್ಕಿನಲ್ಲಿ ರೋಗಿಗಳು ಕಡಿಮೆಯಿದ್ದ ಹೊತ್ತು ಪುಟಗಳ ನಕಲು ತೆರೆದಿಟ್ಟು ಬೆರಳಿನಿಂದ ಸಾಲು ಹಿಡಿಯುತ್ತಿದ್ದೆ. ಡಾಕ್ಟರ್ ಒಮ್ಮೆ ಬಗ್ಗಿ ನೋಡಿ, ಯಾರದ್ದೋ ಇಸಿಜಿ ಎಂದುಕೊಂಡು ಹೋದರು. ಹನ್ನೊಂದು ಪುಟ. ನಾಲ್ಕನೇ ಪುಟದಲ್ಲಿ ಮೊದಲ ತಿರುವು. ಒಂಬತ್ತನೆಯದರಲ್ಲಿ ಎರಡನೆಯದು, ಹೊರಗೆ ಹೋಗುವುದು. ಎರಡಕ್ಕೂ ಮುಂಚಿನ ಸಾಲುಗಳು ಅವಳಿ ಮಕ್ಕಳ ಹಾಗೆ. ತಾಯಿಯೂ ತಪ್ಪಬಹುದು.

ಶುಕ್ರವಾರ ಬಂತು. ಪುಟ ತಿರುಗಿಸುವವರು ಕಪ್ಪು ಉಡಬೇಕಂತೆ. ನನ್ನಲ್ಲಿದ್ದ ಒಂದೇ ಕಪ್ಪು ಸೀರೆ ಅತ್ತೆ ತೀರಿಕೊಂಡಾಗ ತೆಗೆದದ್ದು. ಕನ್ನಡಿಯ ಮುಂದೆ ನಿಂತಾಗ ಶೆರಿಲ್, “ಮಮ್ಮಿ, ಯು ಲುಕ್ ಲೈಕ್ ಸಮ್‌ಬಡಿ ಡೈಡ್,” ಎಂದಳು.

“ಬಾಯಿ ಮುಚ್ಚು. ಇನ್ನೂ ಯಾರೂ ಸತ್ತಿಲ್ಲ,” ಎಂದೆ. ಕೈಯ ಎರಡು ಚಿನ್ನದ ಬಳೆ ಇಪ್ಪತ್ತೆರಡು ವರ್ಷದಿಂದ ಕಳಚಿರಲಿಲ್ಲ. ಸೋಪು ಹಚ್ಚಿದರೂ ಬರಲಿಲ್ಲ. ಸದ್ದಾಗಬಾರದೆಂದು ಕ್ಲಿನಿಕ್ಕಿನ ಬ್ಯಾಂಡೇಜು ಸುತ್ತಿದೆ. ಸಭೆಯಲ್ಲಿದ್ದವರು ಪಾಪ, ಈ ಹೆಂಗಸಿಗೆ ಕೈ ಮುರಿದಿದೆ, ಆದರೂ ಬಂದಿದ್ದಾಳೆ ಎಂದುಕೊಂಡಿರಬೇಕು.

ಮ್ಯಾಡಂ ವೇದಿಕೆಗೆ ಬಂದು ಪುಸ್ತಕವನ್ನು ಸ್ಟ್ಯಾಂಡಿನ ಮೇಲಿಟ್ಟರು. ಮೊದಲ ಸಾಲಿನಲ್ಲಿ ಒಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮ್ಯಾಡಂ ಅದನ್ನು ನೋಡಿದರು. ಕೂತರು.

ಒಮ್ಮೆಯೂ ಪುಟ ನೋಡಲಿಲ್ಲ. ನಾನು ಅವರ ಎಡಗಡೆ ಕೂತಿದ್ದವಳು, ಹೊತ್ತು ಬಂದಾಗ ಎದ್ದು, ಬ್ಯಾಂಡೇಜಿನ ಕೈ ಚಾಚಿ ಮೇಲಿನ ಮೂಲೆ ಹಿಡಿದು ತಿರುಗಿಸಿ, ಮತ್ತೆ ಕೂರುವುದು. ಅವರ ಕಣ್ಣು ಪಿಯಾನೋದ ಆಚೆ ಎಲ್ಲೋ. ಯಾರಿಗಾಗಿ ತಿರುಗಿಸುತ್ತಿದ್ದೇನೆ ಎಂದು ನನಗೇ ಅನ್ನಿಸಿತು. ನಾಲ್ಕನೇ ಪುಟದ ತಿರುವು ಸರಿಯಾಗಿ ದಾಟಿತು. ನಡುವಿನ ಭಾಗ ಮುಗಿಯಿತು. ಒಂಬತ್ತನೇ ಪುಟ ತೆರೆದೆ. ಅವಳಿ ಸಾಲು ಬಂತು. ನಾನು ಹೊರಗಿನ ದಾರಿಯ ಸ್ವರಕ್ಕೆ ಕಣ್ಣಿಟ್ಟು ಕಾದೆ. ಆ ಸ್ವರ ಬರಲಿಲ್ಲ. ಅವರು ಮೊದಲ ತಿರುವಿನಲ್ಲಿ ತಿರುಗಿದ್ದರು.

ಕೈ ನಿಲ್ಲಲಿಲ್ಲ, ಸಂಗೀತ ಚೆನ್ನಾಗಿಯೇ ಹರಿಯುತ್ತಿತ್ತು, ಸಭೆಗೆ ಏನೂ ಗೊತ್ತಾಗಿರಲಿಲ್ಲ. ಆದರೆ ಅವರಿಗೆ ಗೊತ್ತಾಗಿತ್ತು. ಕುತ್ತಿಗೆಯ ಹಿಂದಿನ ನರ ದಪ್ಪವಾಯಿತು. ನನ್ನೆದುರು ಒಂಬತ್ತನೇ ಪುಟ, ಅವರ ಬೆರಳು ನಾಲ್ಕನೇ ಪುಟದಲ್ಲಿ.

ಇಲ್ಲಿ ನಿಮಗೆ ನಮ್ಮ ಒಂದು ಕ್ರಮ ಹೇಳಬೇಕು. ಗಲ್ಫಿನ ಇಗರ್ಜಿಯಲ್ಲಿ ವಾರದ ರಜೆಯ ದಿನ ಶುಕ್ರವಾರ ಎಷ್ಟು ಜನವೆಂದರೆ, ಪರಮಪ್ರಸಾದ ತೆಗೆದುಕೊಳ್ಳುವವರ ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಗಿ ಕಾರುಗಳ ನಡುವೆ ನಿಂತಿರುತ್ತದೆ. ಆ ಹೊತ್ತಿಗೆ ಹಾಡುವ ಗೀತೆಗೆ ಇರುವುದು ನಾಲ್ಕು ಚರಣ. ಮೂರನೆಯದರ ಕೊನೆಗೆ ಮಾಸ್ಟರರು ಇಣುಕಿ ನೋಡುತ್ತಾರೆ. ಸಾಲು ಇನ್ನೂ ಇದ್ದರೆ ಹಿಂದೆ, ಮತ್ತೆ ಮೊದಲ ಚರಣ. ಹೀಗೆ ಐದು ಸಲವೂ ಆದದ್ದುಂಟು. ಯಾರೂ ಗಾಬರಿಯಾಗುವುದಿಲ್ಲ. ಪುಟವನ್ನು ಸದ್ದಿಲ್ಲದೆ ಹಿಂದಕ್ಕೆ ತರುವುದು. ಸಾಲು ಮುಗಿದಾಗ ಕೊನೆಯ ಚರಣಕ್ಕೆ ಹೋಗುವುದು. ತಪ್ಪಿ ಹಿಂದೆ ಬಂದರು ಎಂದು ಯಾರೂ ಹೇಳುವುದಿಲ್ಲ. ಇನ್ನೂ ಜನ ಬಾಕಿ ಇದ್ದರು, ಅಷ್ಟೇ.

ಆ ದಿನ ಬೆಳಿಗ್ಗೆಯೂ ನಾನು ಅಂತಹ ಪೂಜೆ ಮುಗಿಸಿಯೇ ಬಂದಿದ್ದೆ. ಹಾಗಾಗಿ ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಎದ್ದಿತು. ಐದು ಪುಟ ಒಟ್ಟಿಗೆ ಹಿಡಿದು ಹಿಂದಕ್ಕೆ ತಿರುಗಿಸಿ ನಾಲ್ಕನೆಯದನ್ನು ತೆರೆದಿಟ್ಟೆ. ಮ್ಯಾಡಂ ಆ ಸದ್ದಿಗೆ ನೋಡಿದರು. ತಮ್ಮ ಬೆರಳು ಎಲ್ಲಿದೆಯೋ ಅಲ್ಲೇ ಪುಸ್ತಕವೂ ಇತ್ತು. ನಾನು ಕೂತೆ, ಹೀಗೇ ಇರಬೇಕಾದದ್ದು ಎನ್ನುವವಳ ಹಾಗೆ.

ನಡುವಿನ ಭಾಗ ಎರಡನೇ ಸಲ ನಡೆಯಿತು. ಐದು, ಆರು, ಏಳು, ಎಂಟು. ಒಂಬತ್ತಕ್ಕೆ ನಾನು ಮತ್ತೆ ಕೂರಲಿಲ್ಲ. ಅವಳಿ ಸಾಲು ಬರುವ ಮೊದಲೇ ಹೊರಗಿನ ದಾರಿಯ ಮೊದಲ ಸ್ವರದ ಮೇಲೆ ಬೆರಳಿಟ್ಟು ನಿಂತೆ, ಎರಡನೇ ಕ್ಲಾಸಿನ ಮಗುವಿಗೆ ಓದಿಸುವ ಹಾಗೆ. ಇನ್ನೂರು ಜನರೆದುರು. ಅಮೇರಿಕದ ದೊಡ್ಡ ಕಲಾವಿದೆಗೆ. ಮ್ಯಾಡಂ ನನ್ನ ಬೆರಳನ್ನೇ ನೋಡುತ್ತಾ ಬಂದರು. ಬಂದು, ತಿರುಗಿದರು.

ಕೊನೆಯ ಪುಟ ತುಂಬ ಮೆಲ್ಲಗಿನದು. ಕಡೆಯ ಸ್ವರ ಒತ್ತಿ, ಅದು ಪೂರ್ತಿ ಇಲ್ಲವಾಗುವವರೆಗೆ ಕೈ ತೆಗೆಯಲಿಲ್ಲ. ಚಪ್ಪಾಳೆ ಬಿದ್ದಾಗಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

ವಾಪಸು ಬರುವಾಗ ವಲೇರಿಯನ್ ಕಾರು ಓಡಿಸಿದರು. ಖಲೀಫಾ ಸಿಟಿಯ ತಿರುವು ಹತ್ತಿರ ಬಂದಾಗ ಮ್ಯಾಡಂ, “ನೀನು ಬೆರಳಿಟ್ಟೆ,” ಎಂದರು.

“ಹೌದು ಮ್ಯಾಡಂ. ಸಾರಿ.”

“ನನಗೆ ಒಂಬತ್ತು ವರ್ಷವಾದ ಮೇಲೆ ಯಾರೂ ಇಟ್ಟಿರಲಿಲ್ಲ.” ಆಮೇಲೆ ಕಿಟಕಿಯ ಕಡೆ ತಿರುಗಿ, “ದುಬೈಯವರು ಮಾರ್ಚಿಗೆ ಕೇಳಿದ್ದಾರೆ. ನಾಳೆ ಇಲ್ಲ ಎಂದು ಬರೆಯುತ್ತೇನೆ. ಇನ್ನು ಮಕ್ಕಳಿಗೆ ಕಲಿಸಿದರೆ ಸಾಕು,” ಎಂದರು. ಅಂಗಡಿ ಮುಚ್ಚಿ ಬೀಗ ಹಾಕಿ, ಎಳೆದು ನೋಡಿ, ಸರಿಯಾಗಿದೆ ಎನ್ನುವವರ ದನಿ.

ಅದರ ಮುಂದಿನ ವರ್ಷ ಅವರಿಗೆ ಅರವತ್ತೈದು ತುಂಬುವುದಿತ್ತು. ವೀಸಾ ಮುಂದುವರಿಸಲಿಲ್ಲ, ಪಿಯಾನೋ ಶಾಲೆಗೆ ಹೋಯಿತು, ಕ್ಯಾನು ನನಗೆ ಬಂತು. ಈಗ ಅವರು ಅದೇ ಗೋಧಿಯ ಊರಿನಲ್ಲಿದ್ದಾರೆ. ಕ್ರಿಸ್ಮಸ್ಸಿಗೆ ಕಾರ್ಡು ಬರುತ್ತದೆ. ಅಕ್ಷರ ಸ್ವಲ್ಪ ನಡುಗುತ್ತದೆ.

ಆದರೆ ನಾನು ಹೇಳಬೇಕೆಂದಿದ್ದು ಆ ಶುಕ್ರವಾರದ ವಿಷಯ. ಮನೆಗೆ ಬಂದಾಗ ಎಂಟು ಗಂಟೆ. ಬೆಳಿಗ್ಗೆಯ ಗಂಜಿ ಬಿಸಿ ಮಾಡಿದೆ. ಒಣಸಿಗಡಿ ಚಟ್ನಿ ಇತ್ತು, ಮಾವಿನಮಿಡಿ ಉಪ್ಪಿನಕಾಯಿ ಇತ್ತು, ನಾಲ್ಕು ಬಂಗುಡೆ ಕಾಯಿಸಿದೆ. ಮ್ಯಾಡಂ ಗೌನಿನಲ್ಲೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚಮಚದಲ್ಲಿ ಗಂಜಿ ಉಂಡರು, ಇನ್ನೊಮ್ಮೆ ಹಾಕಿಸಿಕೊಂಡರು.

“ಆ ನಡುವಿನ ಭಾಗ ಎರಡು ಸಲ ಬಂತಲ್ಲ ಮ್ಯಾಡಂ,” ಎಂದರು ವಲೇರಿಯನ್, “ಅದು ಭಾರೀ ಲಾಯ್ಕ ಇತ್ತು. ಬರೆದವನಿಗೆ ತಲೆ ಉಂಟು.”

ಮ್ಯಾಡಂ ನನ್ನನ್ನು ನೋಡಿದರು. ನಾನು ಮೀನಿನ ಬಾಣಲೆ ನೋಡಿದೆ.

“ಹೌದು,” ಎಂದರು. “ಅವನಿಗೂ ಇಷ್ಟವಾಗುತ್ತಿತ್ತು.”

ಕಛೇರಿ ಮುಗಿದ ರಾತ್ರಿ ತಮಗೆ ಎಂದೂ ನಿದ್ದೆ ಬಂದದ್ದಿಲ್ಲ, ಬೆಳಗಾಗುವವರೆಗೆ ಒಂದೊಂದು ಸ್ವರವೂ ತಲೆಯಲ್ಲಿ ಮತ್ತೆ ನಡೆಯುತ್ತದೆ, ಅದಕ್ಕೇ ಬಾತ್‌ಟಬ್ಬಿನಲ್ಲಿ ಗೌನು ಒಗೆಯುತ್ತಿದ್ದೆ ಎಂದು ಹೇಳುತ್ತಾ ಅವರು ಹಾಲ್‌ನ ಸೋಫಾಕ್ಕೆ ಹೋದರು. ಚಹಾ ಮಾಡಿ ತರುತ್ತೇನೆ ಎಂದೆ. ಹಾಲು ಕುದಿಯಲು ಎಷ್ಟು ಹೊತ್ತು ಬೇಕು, ಅಷ್ಟೇ. ಲೋಟ ಹಿಡಿದು ಹೋದಾಗ ತಲೆ ಒಂದು ಬದಿಗೆ ವಾಲಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದರು. ಶೆರಿಲ್ ಅವರಿಗೆ ತನ್ನ ಹೊದಿಕೆ ಹೊದಿಸಿದಳು. ಆಮೇಲೆ ಅವಳು ಮಲಗಿದಳು, ಅವಳ ನಂತರ ವಲೇರಿಯನ್. ನಾನು ಆ ಚಹಾವನ್ನು ನಾನೇ ಕುಡಿದು, ಪಾತ್ರೆ ತೊಳೆದು, ದೀಪ ಆರಿಸಿದೆ.